ಪಾರಣೆಯ ನೀರು

ಸಿಂದಗಿ
ಆಷಾಢ ದ್ವಾದಶಿ, ಗುರುವಾರ

ಇಂಡಿಯ ಮುಕ್ತಕ್ಕನ ಪಾದಕ್ಕೆ ತಂಗಿ ವೆಂಕೂಬಾಯಿ ಹಣೆ ಹಚ್ಚಿ ಬರೆಯುವುದು.

ಅಕ್ಕಾ, ಅಕ್ಷರ ಸೊಟ್ಟಾಗಿದ್ದರೆ ಬೈಯಬೇಡ. ಇಂದು ಬೆಳಿಗ್ಗೆ ಸಂಕರ್ಷಣ ಅಣ್ಣ ನಮ್ಮ ಮನೆಗೆ ಬಂದ. ಮೂವತ್ತು ವರ್ಷಗಳ ಮೇಲೆ! ಏಕಾದಶಿಯ ಉಪವಾಸ ಮುಗಿಸಿ ತಂಗಿಯ ಮನೆಯಲ್ಲಿ ಪಾರಣೆ ಮಾಡಲು ಬಂದ. ಒಬ್ಬನೇ ಅಲ್ಲ. ಹಿಂದೆ ನಮ್ಮ ತವರು ದೇವಣಗಾಂವದ ಯಮನವ್ವ, ಕೈಯಲ್ಲಿ ಒಂದು ತಂಬಿಗೆ ನೀರು.

ನೀನು ಮದುವೆಯಾಗಿ ಹೋದ ಮೇಲಿನ ಸಂಗತಿ ಇದು, ಅರ್ಧಮರ್ಧ ಕೇಳಿದ್ದೀ. ಆಗ ಅಣ್ಣ ದೇವರೇ ಇಲ್ಲ ಎನ್ನುತ್ತಿದ್ದ, ಜನಿವಾರ ಹರಿದು ಒಗೆದಿದ್ದ. ಹಣಮಪ್ಪನ ಗುಡಿಯ ಮುಂದಿನ ನಳ ಎಲ್ಲರದೂ ಎಂದು ದಲಿತ ಕೇರಿಯವರನ್ನು ಕರೆತಂದ. ಅವರಲ್ಲಿ ಯಮನವ್ವ ನಳ ತಿರುವಿದ್ದೇ ತಡ, ಯಾರೋ "ಮುಟ್ಟಿದ್ಲೋ!" ಎಂದು ಒದರಿದರು. ಬಡಿಗೆ ಹಿಡಿದು ಜನ ಓಡಿ ಬಂದರು. ಅಣ್ಣನ ತಲೆ ಒಡೆಯಿತು. ಅವನೂ ಕಲ್ಲೆತ್ತಿ ಬೀಸಿದ, ಒಬ್ಬನ ಕಣ್ಣು ಹೋಯಿತು. ಅಣ್ಣ ಜೈಲು ಸೇರಿದ.

ಅಲ್ಲಿ ದಾವಲಮಲಿಕ ಎಂಬ ಮುದುಕ, ಐದು ಹೊತ್ತೂ ನಮಾಜು ಬಿಡದವ, ಹೇಳಿದನಂತೆ: "ತಮ್ಮಾ, ಕಲ್ಲ ಹಿಡದ ಕೈಯಾಗ ನೀರ ನಿಲ್ಲಂಗಿಲ್ಲ. ನಿನ್ನ ದೇವರನ್ನ ಒಂದ ಸಲ ಕರದ ನೋಡು." ಕರೆದನೋ ಏನೋ, ಕೊರಳಿಗೆ ತುಳಸಿಮಣಿ ಹಾಕಿಕೊಂಡೇ ಹೊರಬಂದ. ಮಗ ದಾರಿಗೆ ಬಂದ ಎಂದು ಅಪ್ಪ ಹೋಳಿಗೆ ಮಾಡಿಸಿದರು. ಅಣ್ಣ ಹೊಸ್ತಿಲು ದಾಟಲಿಲ್ಲ. "ಯಮನವ್ವನ ಕೈ ನೀರು ನಮ್ಮ ಮನ್ಯಾಗ ಬರೋ ದಿನಾ ನಾನೂ ಬರ್ತೇನಿ" ಎಂದು ಹೊರಟುಹೋದ. ಕಲ್ಲು ಬಿಟ್ಟ, ಹಟ ಬಿಡಲಿಲ್ಲ. ಬಾಗೇವಾಡಿ, ಮುದ್ದೇಬಿಹಾಳ, ಎಲ್ಲಿ ದಲಿತರಿಗೆ ಚಹಾದ ಕಪ್ಪು ಬೇರೆ ಇಟ್ಟರೂ ಅಲ್ಲಿ ಹರಿನಾಮ ಹೇಳುತ್ತ ಉಪವಾಸ ಕೂತ.

ಇಂದು ನಮ್ಮ ಕಟ್ಟೆಯ ಮೇಲೆ ಕೂತು ಅಂದ: "ವೆಂಕೂ, ಇದು ಅದೇ ನಳದ ನೀರು. ನನ್ನ ಪಾರಣಿ ಇದರಿಂದನ. ಬಡಸ್ತಿಯೋ, ಬಸ್ಸಿಗೆ ಹೋಗ್ಲ್ಯೋ?"

ಒದ್ದೆ ಸೀರೆಯಲ್ಲಿ ಸೇದಿದ ಮಡಿ ನೀರು ಒಳಗಿದೆ. ಈ ನೀರು ಒಳಗೆ ಬಂದರೆ ಇಷ್ಟು ವರ್ಷದ ಮಡಿ ಹೋಯಿತು, ಬರದಿದ್ದರೆ ಅಣ್ಣ ಹೋದ. ನಮ್ಮವರು ಗಡಿಯಾರ ನೋಡಿ, "ಏಳೂ ಹತ್ತಕ್ಕ ದ್ವಾದಶಿ ಮುಗೀತದ, ಅಷ್ಟರಾಗ ಪಾರಣಿ ಆಗಬೇಕು. ಅಣ್ಣ-ತಂಗಿ ಜಗಳಾ ತ್ರಯೋದಶಿಗೆ ಇಟ್ಕೋರಿ" ಎಂದರು.

ಅಣ್ಣನಿಗೆ ಎಲೆ ಹಾಕಿದೆ. ಯಮನವ್ವ ಅವನ ಕೈಗೆ ನೀರು ಹಾಕಿದಳು. ನಾನು ಮಾತ್ರ ನನ್ನ ಮಡಿ ನೀರಿನಿಂದಲೇ ಪಾರಣೆ ಮಾಡಿದೆ. ನೀನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ನಿನ್ನ ತಂಗಿ,
ವೆಂಕೂ

ತಾ.ಕ.: ಕೊನೆಗೆ ಬರೆದದ್ದು ಸುಳ್ಳು, ಅಕ್ಕಾ. ಲಕೋಟೆ ಅಂಟಿಸಲು ಮನಸ್ಸು ಒಪ್ಪಲಿಲ್ಲ. ಅಂದು "ಮುಟ್ಟಿದ್ಲೋ" ಎಂದು ಒದರಿದವಳು ನಾನೇ. ಮೂವತ್ತು ವರ್ಷ ದೇವರ ಮುಂದೆಯೂ ಬಾಯಿ ಬಿಟ್ಟಿಲ್ಲ. ಇಂದು ತುಳಸಿಕಟ್ಟೆಯ ಹತ್ತಿರ ಯಮನವ್ವ ಮೆಲ್ಲಗೆ ಅಂದಳು: "ಒದರಿದಾವರು ನೀವ ಅಂತ ಅವತ್ತ ನೋಡೇನ್ರಿ, ಅಕ್ಕಾರ. ಅಣ್ಣಾರಿಗೆ ಹೇಳಿಲ್ರಿ. ನಿಮ್ಮ ಮ್ಯಾಲ ಅವರ ಜೀವಾ ಭಾಳ ಐತಿ." ನನ್ನ ಪಾರಣೆಗೂ ಅದೇ ನೀರು ಬೇಕೆಂದು ನಾನು ಬೊಗಸೆ ಒಡ್ಡಿದೆ. ಅವಳ ಅವ್ವನಿಗೆ ನಾವು ಮಾರು ಎತ್ತರದಿಂದ ನೀರು ಸುರಿಯುತ್ತಿದ್ದೆವಲ್ಲ, ಅವಳು ತಂಬಿಗೆಯನ್ನು ನನ್ನ ಬೆರಳಿಗೆ ತಾಗಿಸಿಯೇ ಹಾಕಿದಳು.