ಆಲ್ಟ್ ಮತ್ತು ಎಡಬಾಣ

ನವೆಂಬರ್ 12, ಬುಧವಾರ. ಮಲಾಡ್.

ಹೆಂಡತಿ ರಾಜೀವಿಗೆ ಉಡುಪಿಯ ರೈಲು ಟಿಕೆಟ್ ಸಿಗಲಿಲ್ಲ. ತಪ್ಪಿಸಿದ್ದು ನಾನೇ. ನಾಡಿದ್ದು ಅವಳ ಅಕ್ಕನಿಗೆ ಆಪರೇಷನ್.

ಬೆಳಿಗ್ಗೆ ತತ್ಕಾಲ್ ತೆರೆಯುವ ಮೊದಲೇ ಕಂಪ್ಯೂಟರಿನ ಮುಂದೆ ಕೂತಿದ್ದೆ. ನಾನು ಮೌಸ್ ಮುಟ್ಟುವವನಲ್ಲ. ಹುಡುಕಲು ಕಂಟ್ರೋಲ್ ಎಫ್, ಮುಂದಿನ ಖಾನೆಗೆ ಟ್ಯಾಬ್, ಹಿಂದಿನ ಪುಟಕ್ಕೆ ಆಲ್ಟ್ ಮತ್ತು ಎಡಬಾಣ. ಆಫೀಸಿನಲ್ಲಿ ದಿನವಿಡೀ ಇದೇ. ಹೆಸರು, ವಯಸ್ಸು ಸರಸರನೆ ತುಂಬಿದೆ. ರಾಜೀವಿ ಮೊಬೈಲ್ ನೋಡಿ ಓಟಿಪಿ ಓದಿದಳು. ಹಣ ಕಟ್ಟುವ ಪುಟ ಬಂದಾಗ ಕಣ್ಣಿಗೆ ಬಿತ್ತು: ಅವಸರದಲ್ಲಿ ನಾನು ಆಯ್ದದ್ದು ಮೇಲಿನ ಬರ್ತ್. ಅವಳ ಸೊಂಟನೋವಿಗೆ ಅದು ಆಗದು. ಯೋಚಿಸುವ ಮೊದಲೇ ಬೆರಳುಗಳು ಆಲ್ಟ್ ಮತ್ತು ಎಡಬಾಣ ಒತ್ತಿಬಿಟ್ಟಿದ್ದವು. ಲಾಗೌಟ್ ಆಯಿತು. ಮತ್ತೆ ಒಳಹೋಗುವಷ್ಟರಲ್ಲಿ ವೇಟಿಂಗ್ ಲಿಸ್ಟ್.

“ಪಪ್ಪಾ, ಪೇಮೆಂಟ್ ಪೇಜಲ್ಲಿ ಬ್ಯಾಕ್ ಕೌನ್ ಕರ್ತಾ ಹೈ?” ಎಂದಳು ಮಗಳು ಯಕ್ಷಿತಾ.

“ನಿಮ್ಮ ಬೆರಳಿಗೆ ಎಂಥ ಅರ್ಜೆಂಟ್ ಮಾರಾಯ್ರೆ,” ಎಂದಳು ರಾಜೀವಿ. “ಮೇಲಿನದ್ದಾದ್ರೆ ಏನು? ಕೆಳಗಿದ್ದವರತ್ರ ಕೇಳ್ತಿದ್ದೆ. ಕೊಡುದಿಲ್ವಾ?”

ಯಾರನ್ನಾದರೂ ಕೇಳಬಹುದು ಎಂಬುದು ನನಗೆ ಹೊಳೆದೇ ಇರಲಿಲ್ಲ. ಆಮೇಲೆ ಅವಳು ಬೈಯಲೂ ಇಲ್ಲ. ಬೈದಿದ್ದರೆ ಇಷ್ಟು ಹೊತ್ತಿಗೆ ನಿದ್ದೆಯಾದರೂ ಬರುತ್ತಿತ್ತು.

ಸಂಜೆ ಅವಳನ್ನು ಉಡುಪಿ ಬಸ್ಸು ಹತ್ತಿಸಿ ಬಂದೆ. ಕೊನೆಯ ಸಾಲು, ಒರಗಲೂ ಆಗದ ಸೀಟು. ಈಗ ಮೆಸೇಜ್ ಬಂದಿದೆ: “ಪನ್ವೇಲ್ ದಾಟಿತು. ಡ್ರೈವರಣ್ಣನತ್ರ ಕೇಳಿದೆ, ಮುಂದಿನ ಸೀಟು ಕೊಟ್ರು. ನೀವು ಮಲಗಿ.”

ಉತ್ತರ ಟೈಪ್ ಮಾಡಿ ಅಳಿಸಿದೆ. ಸೊಂಟ ಹೇಗಿದೆ ಎಂದಾದರೂ ಅವಳನ್ನು ಕೇಳಬೇಕು.