ಬೀರುವಿನೊಳಗಿನ ಗಿಡದ ಬಗ್ಗೆ

ವಾರ್ಡನ್ ಮೇಡಂ ಅವರಿಗೆ,

ನಾನು ಹದಿನಾಲ್ಕನೇ ರೂಮಿನ ಫಸ್ಟ್ ಇಯರ್ ಹುಡುಗಿ. ನಿನ್ನೆ ಸಂಜೆ ಇನ್‌ಸ್ಪೆಕ್ಷನ್‌ನಲ್ಲಿ ನೀವು ನನ್ನ ಬೀರು ತೆಗೆದು, “ಏನಮ್ಮಾ, ಗಿಡಕ್ಕೂ ಹಾಸ್ಟೆಲ್ ಸೀಟ್ ಬೇಕಂತಾ?” ಎಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕು ಬೀರು ಮುಚ್ಚಿಬಿಟ್ಟೆ, ಸಾರಿ. ಅದಕ್ಕೇ ಬರೆಯುತ್ತಿದ್ದೇನೆ.

ಅದು ಅಮ್ಮನ ಕಲಾಂಚೊ ಗಿಡ. ಆರು ವಾರ, ದಿನಕ್ಕೆ ಹದಿನಾಲ್ಕು ಗಂಟೆ ಪೂರ್ತಿ ಕತ್ತಲಲ್ಲಿ ಇಟ್ಟರೆ ಮಾತ್ರ ಮೊಗ್ಗು ಬಿಡುತ್ತದೆ. ನಡುವೆ ಟ್ಯೂಬ್‌ಲೈಟ್ ಬೆಳಕು ಬಿದ್ದರೂ ಕೆಟ್ಟಿತು. ಮನೆಯಲ್ಲಿ ಅಮ್ಮ ಸಂಜೆಯಾದರೆ ಅದರ ಮೇಲೆ ಬಕೆಟ್ ಕವುಚುತ್ತಿದ್ದರು. ಅಪ್ಪ ಸ್ನಾನಕ್ಕೆ ಹೊರಟು, “ಬಕೆಟ್ ಎಲ್ಲೇ?” ಎಂದರೆ, “ಅದರೊಳಗೆ ಗಿಡ ಮಲಗಿದೆ, ನೀವು ಚೊಂಬಲ್ಲೇ ಮುಗಿಸಿ” ಎನ್ನುತ್ತಿದ್ದರು.

ಈಗ ಅಮ್ಮ ಆಸ್ಪತ್ರೆಯಲ್ಲಿದ್ದಾರೆ. ನಾನು ಹೊರಡುವಾಗ, “ಈ ಸಲ ಹೂವು ಬರಿಸೋದು ನಿನ್ನ ಕೆಲಸ” ಎಂದರು. ಡಾಕ್ಟರ್ ಏನು ಹೇಳಿದರೆಂದು ಅಪ್ಪ ಹೇಳುವುದಿಲ್ಲ. ಕೇಳಿದರೆ “ನೀನು ಓದ್ಕೋ” ಎನ್ನುತ್ತಾರೆ, ಅಷ್ಟೇ.

ಗಿಡವನ್ನು ಸಂಜೆ ಐದಕ್ಕೆ ಬೀರುವಿನಲ್ಲಿಟ್ಟು ಬೆಳಗ್ಗೆ ಏಳಕ್ಕೆ ಕಿಟಕಿಗೆ ತರುತ್ತೇನೆ. ಇನ್ನು ಹತ್ತು ದಿನ ಬಾಕಿ. ದಯವಿಟ್ಟು ಅಲ್ಲಿಯವರೆಗೆ ನನ್ನ ಬೀರುವನ್ನು ಐದರೊಳಗೆ ಚೆಕ್ ಮಾಡಿ. ಬೀಗ ಹಾಕಿಲ್ಲ. ಕದ್ದುಮುಚ್ಚಿ ಇಟ್ಟದ್ದೇನೂ ಇಲ್ಲ.

ಜೊತೆಗೆ ರಜೆ ಅರ್ಜಿಯನ್ನೂ ಇಟ್ಟಿದ್ದೇನೆ. ಸಹಿ ಮಾಡಿದ್ದೇನೆ, ದಿನಾಂಕ ಬರೆದಿಲ್ಲ. ಅಪ್ಪ ನಿಮ್ಮ ಆಫೀಸಿಗೆ ಫೋನ್ ಮಾಡಿದ ದಿನ ಅದನ್ನು ನೀವೇ ತುಂಬಿ, ನಾನು ಪರೀಕ್ಷೆಯಲ್ಲಿ ಕೂತಿದ್ದರೂ ಕರೆಸಿಬಿಡಿ. ಮೊಗ್ಗು ಬಂದಿರದಿದ್ದರೂ ಗಿಡವನ್ನು ಒಯ್ಯುತ್ತೇನೆ.

ನಿಮ್ಮ ಹದಿನಾಲ್ಕನೇ ರೂಮಿನ,
ಬಾಗಿಲ ಪಕ್ಕದ ಮಂಚದವಳು