ಇಪ್ಪತ್ತನೆಯ ಬಿಲ್ಲೆ

ಮಾಗಳ,
೨೭ ಮಾರ್ಚ್ ೨೦೦೭

ರಾಮಾಂಜನೇಯ ಅವರಿಗೆ, ದುರ್ಗಾದೇವಿ ಬರೆಯುತ್ತಿರುವುದು.

ಮೇಲೆ ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು. ಹೊಡೆದದ್ದು ನಿಮಗೆ ಕಾಣಲಿ ಎಂದೇ ಹಾಗೆ ಬಿಟ್ಟೆ. ಫೋನಿನಲ್ಲಿ ಹೇಳಿದರೆ ನೀವು ನಗುತ್ತೀರಿ, ನಿಮ್ಮ ನಗು ಕೇಳಿದರೆ ನನ್ನ ಸಿಟ್ಟು ಇಳಿದುಹೋಗುತ್ತದೆ. ಈ ಸಲ ಅದು ಇಳಿಯುವುದು ನನಗೆ ಬೇಡ.

ನಿಮ್ಮ ಕಾಗದ ನಿನ್ನೆ ಶಾಲೆಗೆ ಬಂತು. ಅರಸೀಕೆರೆಯ ಹೊಸ ಮನೆಯ ಗೃಹಪ್ರವೇಶ ಬಸವ ಜಯಂತಿಯ ದಿನ, ನನ್ನ ಅವ್ವನನ್ನೂ ಕರೆದುಕೊಂಡು ಬರಬೇಕು ಎಂದು ಬರೆದಿದ್ದೀರಿ. ಅದಕ್ಕೆ ನಾಲ್ಕು ಸಾಲು. ಉಳಿದ ಒಂದೂವರೆ ಪುಟ ಕಂಪ್ಯೂಟರ್ ಆಟದ ಪುರಾಣ. ಇಪ್ಪತ್ತನೆಯ ಬಿಲ್ಲೆ ಇನ್ನೂ ಸಿಕ್ಕಿಲ್ಲವಂತೆ, ನಾಲ್ಕನೆಯ ಊರು ತೆರೆಯುತ್ತಿಲ್ಲವಂತೆ, ನನ್ನ ಹತ್ತಿರ ಉಳಿದ ನೋಟುಬುಕ್ಕನ್ನು ಕೂಡಲೇ ಕಳಿಸಬೇಕಂತೆ. ಹೆಂಡತಿ ಹೇಳದೆ ಕೇಳದೆ ಬಸ್ಸು ಹತ್ತಿ ಹೋಗಿ ಹದಿನಾರು ದಿನವಾಯಿತು, ಯಾಕೆ ಹೋದಳು ಎಂದು ಒಂದು ಮಾತು ಕೇಳಿಲ್ಲ ನೀವು. ಓದಿ ಮೈಯೆಲ್ಲ ಉರಿಯಿತು.

ಆ ಆಟವನ್ನು ನಾನೂ ಇಷ್ಟಪಟ್ಟಿದ್ದೆ, ಸುಳ್ಳು ಯಾಕೆ ಹೇಳಲಿ. ಶನಿವಾರ ಮಾಗಳದ ಶಾಲೆಯಲ್ಲಿ ಪಾಠ ಮುಗಿಸಿ ಕೊಟ್ಟೂರಿಗೆ ಬರುವುದು, ಭಾನುವಾರ ನಿಮ್ಮ ಕಂಪ್ಯೂಟರ್ ಸೆಂಟರಿಗೆ ರಜೆ, ಅರ್ಧ ಷಟರ್ ಎಳೆದು ಇಬ್ಬರೂ ಒಂದೇ ಪರದೆಯ ಮುಂದೆ ಕೂರುವುದು. ಮೌಸು ನಿಮ್ಮ ಕೈಯಲ್ಲಿ, ಲೆಕ್ಕ ಬರೆಯುವ ನೋಟುಬುಕ್ಕು ನನ್ನ ಕೈಯಲ್ಲಿ. ಲೋಕವೆಲ್ಲ ಸುಟ್ಟುಹೋದ ಮೇಲಿನ ಕಥೆ ಅದು. ಮೊದಲ ಭಾಗದಲ್ಲಿ ಬರೀ ಬಡಿದಾಟ, ನನಗೆ ಬೇಸರ. ಆಮೇಲೆ ನೀವು ದಾವಣಗೆರೆಯಿಂದ ಅದರ ಮುಂದುವರಿದ ಭಾಗದ ಸಿ.ಡಿ. ತಂದಿರಿ. ನಕಲು ಮಾಡಿದ್ದು, ಆಡುವ ರೀತಿ ಹೇಳುವ ಪುಸ್ತಕ ಜೊತೆಗಿರಲಿಲ್ಲ. ಅದರಲ್ಲಿ ಪಾಳುಬಿದ್ದ ಮನೆಗಳನ್ನು ಹೊಕ್ಕು ಹಿತ್ತಾಳೆ ಬಿಲ್ಲೆಗಳನ್ನು ಹುಡುಕಬೇಕು. ಮನೆಗಳಿಗೆ, ನೀರಿನ ತೊಟ್ಟಿಗೆ ಜಾಗ ಗುರುತಿಸಿ ಐದು ಬಿಲ್ಲೆ ಇಟ್ಟರೆ ಗಂಟೆ ಬಾರಿಸಿ ಒಂದು ಊರಿನ ಬಾಗಿಲು ತೆರೆಯುತ್ತದೆ. ಹೊರಗೆ ಕಾದು ನಿಂತ ಜನ ಒಳಗೆ ಬರುತ್ತಾರೆ. ಇಪ್ಪತ್ತು ಬಿಲ್ಲೆ, ನಾಲ್ಕು ಊರು.

ಸತ್ತವರ ಹಾಸಿಗೆಯಡಿ, ಇಲಿ ಕೊಳೆತ ಅಡುಗೆಮನೆಯಲ್ಲಿ, ಒಂದು ಮಗುವಿನ ಬೂಟಿನೊಳಗೆ, ಎಲ್ಲೆಲ್ಲಿ ಕೈಹಾಕಿಸಲಿಲ್ಲ ಆ ಆಟ! ಅಷ್ಟಾದರೂ ನನಗೆ ಹೇಸಿಗೆ ಅನ್ನಿಸಲಿಲ್ಲ. ಎಲ್ಲ ಸುಟ್ಟುಹೋಗಿದೆ, ಇನ್ನು ಹೊಸದಾಗಿ ಕಟ್ಟುವುದೇ ಅಲ್ಲವೇ ಎಂದು ಖುಷಿಯಾಗುತ್ತಿತ್ತು. ಮೊದಲ ಮೂರು ಊರುಗಳ ಜಾಗ ಗುರುತಿಸುವುದನ್ನು ನೀವು ನನಗೇ ಬಿಟ್ಟಿರಿ. ಕೋಗಳಿ, ಮಾಗಳ, ಕೂಡ್ಲಿಗಿ ಎಂದು ಹೆಸರಿಟ್ಟೆ. ನಡುವೆ ತೊಟ್ಟಿ, ಸುತ್ತ ಮನೆ. ಮೂರರಲ್ಲೂ ಬಿಲ್ಲೆ ಇಟ್ಟ ಕೂಡಲೇ ಗಂಟೆ ಬಾರಿಸಿತು. ನಾಲ್ಕನೆಯದು ನಿಮ್ಮದು. ಅರಸೀಕೆರೆ ಎಂದು ಹೆಸರಿಟ್ಟಿರಿ, ಹೊಸ ಮನೆಯ ಹುರುಪು. ಜಾಗಗಳನ್ನೂ ನೀವೇ ಗುರುತಿಸಿದಿರಿ.

ಹನ್ನೆರಡು ಮನೆ. ರೈತರು, ಕಮ್ಮಾರರು, ಕಾವಲಿನವರು ತೊಟ್ಟಿಯ ಸುತ್ತ. ಸತ್ತ ದನ, ಕಸ ಎತ್ತಿ ಊರು ಸ್ವಚ್ಛ ಮಾಡುವ ನಾಲ್ಕು ಜನರ ಮನೆಗಳನ್ನು ಮಾತ್ರ ಚರಂಡಿ ದಾಟಿಸಿ ಆಚೆ ಇಟ್ಟಿರಿ. ಇಷ್ಟು ದೂರ ಯಾಕೆ ಎಂದು ಕೇಳಿದೆ. ನೀವು ಪರದೆಯಿಂದ ಕಣ್ಣು ಕೀಳದೆ, “ಹೊಲಸು ಎತ್ತೋರು ಅವ್ರು. ನೀರಿನ ಹತ್ರ ಇಟ್ರ ವಾಸನಿ ಬರಂಗಿಲ್ಲೇನು?” ಎಂದಿರಿ.

ಕಂಪ್ಯೂಟರಿನಲ್ಲಿ ವಾಸನೆ! ಗಾಜಿನ ಆಚೆಗಿನ ಬಣ್ಣದ ಚುಕ್ಕೆಗಳಿಂದ ನಿಮಗೆ ವಾಸನೆ ಬಂತು. ನಾನು ನೋಟುಬುಕ್ಕು ಮುಚ್ಚಿದೆ. ನೀವು ಗಮನಿಸಲೂ ಇಲ್ಲ. ಗಂಟೆ ಬಾರಿಸದಿದ್ದಾಗ “ದುರ್ಗಾ, ಒಂದು ಬಿಲ್ಲಿ ಎಲ್ಲೋ ತಪ್ಪೈತಿ ನೋಡು, ನಿನ್ನ ಲೆಕ್ಕ ಸರಿ ಇಲ್ಲ” ಎಂದು ನನ್ನನ್ನೇ ಬೈದಿರಿ. ಮೂರು ಭಾನುವಾರ ಅದೇ ಪಾಳು ಮನೆಗಳನ್ನು ಮತ್ತೆ ಮತ್ತೆ ಹೊಕ್ಕು ತಡಕಾಡಿದೆವು.

ಆ ಮೂರು ಭಾನುವಾರವೂ ನನ್ನ ತಲೆಯಲ್ಲಿ ಬೇರೆಯೇ ಒಂದು ಚಿತ್ರ ಓಡುತ್ತಿತ್ತು. ಹೊಸ ಮನೆಗೆ ಆರ್‌ಸಿಸಿ ಹಾಕಿದ ಮೇಲೆ ಅವ್ವನಿಗೆ ತೋರಿಸಲು ಕರೆದುಕೊಂಡು ಬಂದಿದ್ದೆನಲ್ಲ, ಆ ದಿನ ನಿಮಗೆ ನೆನಪಿದೆಯೇ? ಕೂಡ್ಲಿಗಿ ಕಡೆಯ ಬಿಸಿಲಲ್ಲಿ ಎರಡು ಬಸ್ಸು ಬದಲಿಸಿ ಬಂದಿದ್ದಳು ಹುಲುಗಮ್ಮ, ನನ್ನ ಹೆತ್ತವಳು. ಬಾಯಾರಿದೆ ಎಂದಳು. ಅಡುಗೆಮನೆಯ ನಲ್ಲಿಯಲ್ಲಿ ನೀರು ಬರುತ್ತಿತ್ತು, ನಿಮ್ಮ ಅವ್ವ ಆಗಷ್ಟೇ ಅಲ್ಲಿ ಚಹಾಕ್ಕೆ ನೀರು ಹಿಡಿದಿದ್ದರು. ನೀವು ಚೊಂಬು ತೆಗೆದುಕೊಂಡು ಹೊರಗೆ ನಡೆದಿರಿ. ಕಾಂಪೌಂಡಿನ ಮೂಲೆಯಲ್ಲಿ ಕೆಲಸದವರಿಗೆಂದು ಹಾಕಿಸಿದ ನಲ್ಲಿಯಲ್ಲಿ ತುಂಬಿ ತಂದಿರಿ. ಅವ್ವ ಬಗ್ಗಿ ಬೊಗಸೆ ಒಡ್ಡಿದಳು. ನೀವು ಮೇಲಿನಿಂದ ಸುರಿದಿರಿ, ಚೊಂಬು ಅವಳ ಕೈಗೆ ತಾಗದಷ್ಟು ಎತ್ತರದಿಂದ. ನಗುನಗುತ್ತಲೇ ಸುರಿದಿರಿ, ಇನ್ನೂ ಬೇಕೇನವ್ವ ಎಂದು ಕೇಳುತ್ತ.

ಅವಳು ಬಸ್ಸಿನಲ್ಲಿ ನನಗೆ ಹೇಳಿದ್ದೇನು ಗೊತ್ತೇ? “ಅಳಿಯಂದ್ರು ತಮ್ಮ ಕೈಯಾರ ನೀರು ಹಾಕ್ಯಾರ ನೋಡವ್ವ, ಎಂಥಾ ಮನಸು ಅವರ್ದು!” ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಅಷ್ಟು ಸಲೀಸಾಗಿ ಬೊಗಸೆ ಒಡ್ಡಿದ ನನ್ನ ಅವ್ವನ ಮೇಲೂ ಸಿಟ್ಟು ಬಂತು. ಪಕ್ಕದಲ್ಲಿ ನಿಂತು ಸುಮ್ಮನೆ ನೋಡಿದ ನನ್ನ ಮೇಲೆ ಇನ್ನೂ ಹೆಚ್ಚು ಬಂತು.

ಆಮೇಲೆ ನಾನೇ ನಿಮ್ಮ ಪರ ವಕಾಲತ್ತು ಮಾಡಿದೆ. ಲೋಟ ಇರಲಿಲ್ಲವೇನೋ, ಅಭ್ಯಾಸದ ಕೈ, ಬೇಕೆಂದು ಮಾಡಿದ್ದಲ್ಲ ಎಂದು. ಕೇರಿಯಲ್ಲಿ ಹುಟ್ಟಿದ ನನ್ನನ್ನು ನಿಮ್ಮ ಮನೆಯವರ ಎದುರು ನಿಂತು ರಿಜಿಸ್ಟರ್ ಮದುವೆಯಾದವರು ನೀವು. ನನ್ನ ತಟ್ಟೆಯಲ್ಲೇ ಉಂಡವರು. ನಿಮ್ಮ ಮೇಲೆ ಅನುಮಾನ ಪಡುವುದೇ ಪಾಪ ಎಂದುಕೊಂಡೆ. ಆದರೆ ಆಟದಲ್ಲಿ ನಿಮ್ಮ ಎದುರು ನಿಮ್ಮ ಅವ್ವ ಇರಲಿಲ್ಲ, ಊರಿನವರು ಇರಲಿಲ್ಲ, ಯಾರು ಏನಂದಾರೋ ಎಂಬ ಅಂಜಿಕೆ ಇರಲಿಲ್ಲ. ಲೋಕವೇ ಸುಟ್ಟುಹೋಗಿತ್ತಲ್ಲ ರೀ! ಊರನ್ನು ಹೇಗೆ ಬೇಕಾದರೂ ಕಟ್ಟಬಹುದಿತ್ತು. ಕೇಳುವವರಿಲ್ಲದ ಆ ಬಯಲಲ್ಲಿ ನಿಮ್ಮ ಕೈ ಮೊದಲು ಮಾಡಿದ ಕೆಲಸ ಒಂದು ಕೇರಿ ಕಟ್ಟುವುದು. ಬೇಕೆಂದು ಮಾಡಿದ್ದಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ. ಯೋಚಿಸದೆ ಮಾಡಿದಿರಿ ಎಂಬುದೇ ನನಗೆ ಅಸಹ್ಯ. ಮೂರನೆಯ ಭಾನುವಾರ ನೀವು ಮಂಡಕ್ಕಿ, ಮಿರ್ಚಿ ತರಲು ಹೋದಾಗ ನಾನು ಎದ್ದು ಹಡಗಲಿ ಬಸ್ಸು ಹತ್ತಿದ್ದು ಇದಕ್ಕೆ.

ಹೊಸ ಮನೆ ನೋಡಿ ಬಂದಾಗಲೇ ಗೃಹಪ್ರವೇಶಕ್ಕೆಂದು ಅವ್ವ ಹೊಸ ಸೀರೆಗೆ ಅಂಚು ಹೊಲಿಸಿಕೊಂಡಿದ್ದಾಳೆ. ಅವಳಿಗೆ ನಾನು ಏನೂ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ. ಆ ದಿನ ಅವಳು ಅಡುಗೆಮನೆಯೊಳಗೆ ಕೂತು, ಅಲ್ಲಿಯ ನಲ್ಲಿಯ ನೀರನ್ನು, ನಿಮ್ಮ ಅವ್ವ ಕುಡಿಯುವ ಲೋಟದಲ್ಲೇ ತುಟಿ ಹಚ್ಚಿ ಕುಡಿಯಬೇಕು. ಕೊಡುವವರು ನೀವಾಗಿರಬೇಕು, ನಿಮ್ಮವರೆಲ್ಲರೂ ನೋಡುವಂತೆ. ಅದಾಗದು ಅಂತಿದ್ದರೆ ಈಗಲೇ ಬರೆಯಿರಿ. ನನಗೆ ಮೈಯಲ್ಲಿ ಹುಷಾರಿಲ್ಲ ಎಂದು ಅವ್ವನಿಗೆ ಹೇಳಿ, ಅವಳನ್ನೂ ನಿಲ್ಲಿಸಿ ನಾನೂ ಉಳಿದುಕೊಳ್ಳುತ್ತೇನೆ. ಆ ಒಂದು ದಿನಕ್ಕಷ್ಟೇ ಅಲ್ಲ, ಆ ಮನೆಯ ಹೊಸ್ತಿಲನ್ನು ನಾನು ಯಾವತ್ತೂ ತುಳಿಯುವುದಿಲ್ಲ. ಮಾಗಳದ ಬಾಡಿಗೆ ಕೋಣೆ ನನಗೆ ಸಾಕು.

ಇವತ್ತಿನವರೆಗೂ ನಿಮ್ಮ ಹೆಂಡತಿಯಾಗಿರುವ,
ದುರ್ಗಾದೇವಿ

ತಾ.ಕ.: ನೋಟುಬುಕ್ಕು ಇದರ ಜೊತೆಗಿದೆ. ಎಣಿಸಿ ನೋಡಿ, ಬಿಲ್ಲೆಗಳು ಇಪ್ಪತ್ತೂ ಇವೆ. ಕೊನೆಯದು ಆ ಮಗುವಿನ ಬೂಟಿನಲ್ಲಿ ಸಿಕ್ಕಿದ್ದು, ಒಂದು ತಿಂಗಳ ಹಿಂದೆಯೇ. ನನ್ನ ಲೆಕ್ಕ ತಪ್ಪಿರಲಿಲ್ಲ. ನೀವು ಮಿರ್ಚಿಗೆ ಹೋದಾಗ ಚರಂಡಿಯಾಚೆಯ ಆ ನಾಲ್ಕು ಮನೆಗಳನ್ನು ಎಳೆದು ತೊಟ್ಟಿಯ ಪಕ್ಕಕ್ಕೆ ಇಟ್ಟೆ. ಕೂಡಲೇ ಗಂಟೆ ಬಾರಿಸಿತು. ಎಲ್ಲರಿಗೂ ನೀರು ಎಟುಕದ ಊರನ್ನು ಆ ಆಟ ತೆರೆಯುವುದೇ ಇಲ್ಲ ರೀ, ಇಷ್ಟು ದಿನ ನೀವು ಬಿಲ್ಲೆ ಹುಡುಕುತ್ತಿದ್ದಿರಿ. ಹನ್ನೆರಡೂ ಮನೆಯವರು ಬಾಗಿಲು ದಾಟಿ ಒಳಗೆ ಬರುವುದನ್ನು ನಿಂತು ನೋಡಿದೆ, ಅತ್ತುಬಿಟ್ಟೆ. ಆಮೇಲೆ ಸೇವ್ ಮಾಡದೆ ಆಟ ಮುಚ್ಚಿ, ನಿಮ್ಮ ಅರಸೀಕೆರೆಯನ್ನು ನೀವು ಬಿಟ್ಟಂತೆಯೇ ಬಿಟ್ಟು ಬಂದೆ. ಆ ಮನೆಗಳನ್ನು ನಿಮ್ಮ ಕೈಯೇ ಸರಿಸಬೇಕು.